1,3-ಡೈಪೋಲ್ ಅಂದರೇನು?

ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ಕೊಂಡರೆ ಲೇಬಲ್ ಮೇಲೆ ಓಜೋನ್ ಹೆಸರು ಕಾಣುವುದುಂಟು. ನೀರಿನ ಕ್ರಿಮಿ ಕೊಲ್ಲುವ ಈ ಓಜೋನ್ ಕೂಡ ಒಂದು 1,3-ಡೈಪೋಲ್. ನಮ್ಮ ಕಡೆ ಎಂಎಸ್ಸಿ ಓದುವ ಹುಡುಗರು ಡೈಪೋಲ್‌ಗಳ ಪಟ್ಟಿಯನ್ನು ಸುಮ್ನೆ ಉರು ಹೊಡೆಯುತ್ತಾರೆ. ಓಜೋನ್ ಒಂದನ್ನೇ ಹಿಡಿದು ಹೊರಟರೆ ಅಷ್ಟು ಕಷ್ಟ ಬೇಕಿಲ್ಲ.

ಸಾಲಾಗಿ ಮೂರು ಪರಮಾಣು, ಅವುಗಳ ಮೇಲೆ ಹರಡಿದ ನಾಲ್ಕು ಪೈ ಎಲೆಕ್ಟ್ರಾನ್ (ಜೋಡಿ ಬಂಧದ ಎರಡನೇ ಕೊಂಡಿಯಲ್ಲಿರುವಂಥವು). ಇದೇ 1,3-ಡೈಪೋಲ್. ಓಜೋನ್ ರಚನೆ ಬರೆದು ನೋಡಿ: ನಡುವಿನ ಆಕ್ಸಿಜನ್ ಮೇಲೆ ಪ್ಲಸ್ ಬರುತ್ತದೆ, ಮೈನಸ್ ಎರಡೂ ತುದಿಗೆ ಹಂಚಿಹೋಗುತ್ತದೆ. ಒಟ್ಟು ಅಣುವಿಗೆ ಚಾರ್ಜ್ ಇಲ್ಲ. ಆ ಎರಡು ತುದಿಗಳು ಆಲ್ಕೀನಿನ (ಜೋಡಿ ಬಂಧವಿರುವ ಕಾರ್ಬನ್ ಸಂಯುಕ್ತ) ಜೋಡಿ ಬಂಧದ ಎರಡು ಕಾರ್ಬನ್‌ಗೆ ಅಂಟಿದರೆ ಐದು ಪರಮಾಣುಗಳ ಉಂಗುರ ತಯಾರು. ಓಜೋನ್ ವಿಷಯದಲ್ಲಿ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಆ ಉಂಗುರ ಒಡೆದು ಕಾರ್ಬೊನಿಲ್ ಆಕ್ಸೈಡ್ ಎಂಬ ಇನ್ನೊಂದು ಡೈಪೋಲ್ ಹುಟ್ಟುತ್ತದೆ, ಅದು ಜೊತೆಯಲ್ಲೇ ಹುಟ್ಟಿದ ಆಲ್ಡಿಹೈಡ್ ಅಥವಾ ಕೀಟೋನಿನ ಜೊತೆ ಮತ್ತೆ ಉಂಗುರ ಕಟ್ಟುತ್ತದೆ. ನನಗಂತೂ ಇದು ಎಷ್ಟು ಸಲ ಹೇಳಿಕೊಟ್ಟರೂ ಬೇಸರ ಬರದ ಪಾಠ.

ಮ್ಯೂನಿಕ್ಕಿನ ರಸಾಯನ ವಿಜ್ಞಾನಿ ರೋಲ್ಫ್ ಹ್ಯೂಸ್ಗೆನ್ 1960ರ ದಶಕದಲ್ಲಿ ಇಂಥ ಡೈಪೋಲ್‌ಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದರು. ಆಕಾರದ ಪ್ರಕಾರ ಎರಡು ಗುಂಪು. ಓಜೋನ್, ನೈಟ್ರೋನ್, ಅಜೋಮಿಥೀನ್ ಇಲೈಡ್ ಬಾಗಿದವು. ಅಜೈಡ್, ಡೈಅಜೋಮೀಥೇನ್, ನೈಟ್ರೈಲ್ ಆಕ್ಸೈಡ್ ನೆಟ್ಟಗಿನವು. ನೆಟ್ಟಗಿನವಕ್ಕೆ ಇನ್ನೊಂದು ಪೈ ಬಂಧ ಜಾಸ್ತಿ.

ಎಲೆಕ್ಟ್ರಾನ್ ಶಕ್ತಿಯ ಪ್ರಕಾರ ಸುಸ್ಟ್‌ಮನ್ ಎಂಬ ರಸಾಯನ ವಿಜ್ಞಾನಿ ಮಾಡಿದ ವಿಂಗಡಣೆ ಬೇರೆ, ಅದರಲ್ಲಿ ಮೂರು ವರ್ಗ. ಡೈಅಜೋಮೀಥೇನಿನ ಹೋಮೋ (ಎಲೆಕ್ಟ್ರಾನ್ ತುಂಬಿದ ಕಕ್ಷಕಗಳಲ್ಲಿ ಶಕ್ತಿಯಲ್ಲಿ ಮೇಲಿನದು) ಎತ್ತರದಲ್ಲಿದೆ, ಅದಕ್ಕೇ ಎಲೆಕ್ಟ್ರಾನ್ ಕೊರತೆಯ ಮೀಥೈಲ್ ಅಕ್ರಿಲೇಟ್ ಎಂಬ ಆಲ್ಕೀನ್ ಕಂಡರೆ ಬೇಗ ಕೂಡುತ್ತದೆ. ಇದು ಮೊದಲನೇ ವರ್ಗ. ಮೂರನೆಯದು ಇದರ ಉಲ್ಟಾ: ಓಜೋನಿನ ಲೂಮೋ (ಖಾಲಿ ಕಕ್ಷಕಗಳಲ್ಲಿ ಶಕ್ತಿಯಲ್ಲಿ ಕೆಳಗಿನದು) ತಗ್ಗಿನಲ್ಲಿದೆ, ಎಲೆಕ್ಟ್ರಾನ್ ಸಮೃದ್ಧ ಆಲ್ಕೀನ್ ಅದಕ್ಕೆ ಇಷ್ಟ. ಅಜೈಡ್ ನಡುವಿನದು, ಎರಡೂ ಕಡೆ ಒಗ್ಗುತ್ತದೆ.

ಇಲ್ಲೇ ಹುಡುಗರು ಎಡವುವುದು. ಆಸ್ಪತ್ರೆಯಲ್ಲಿ ಅರಿವಳಿಕೆಗೆ ಕೊಡುವ ನೈಟ್ರಸ್ ಆಕ್ಸೈಡ್ ಕೂಡ ಮೂರನೇ ವರ್ಗದ್ದೇ. ಆದರೆ ಓಜೋನ್ ಮೈನಸ್ 78 ಡಿಗ್ರಿಯಲ್ಲೂ ಆಲ್ಕೀನಿನ ಜೊತೆ ಕೂಡಿದರೆ, ನೈಟ್ರಸ್ ಆಕ್ಸೈಡ್ ಚೆನ್ನಾಗಿ ಕಾಯಿಸಿದರೂ ಸುಲಭಕ್ಕೆ ಅಲುಗುವುದಿಲ್ಲ. ವರ್ಗ ಹೇಳುವುದು ಯಾವ ಜೋಡಿ ಒಗ್ಗುತ್ತದೆ ಅಂತ. ವೇಗ ಬೇಕಾದರೆ ಇನ್ನೊಂದು ಲೆಕ್ಕ ನೋಡಬೇಕು: ಕೂಡುವ ಮೊದಲು ಎರಡೂ ಅಣುಗಳು ಎಷ್ಟು ಬಾಗಬೇಕು, ಅದಕ್ಕೆ ಎಷ್ಟು ಶಕ್ತಿ ಖರ್ಚು? ಓಜೋನ್ ಮೊದಲೇ ಬಾಗಿದೆ, ನೈಟ್ರಸ್ ಆಕ್ಸೈಡ್ ನೆಟ್ಟಗಿದೆ. ಡೈಪೋಲ್ ಮತ್ತು ಅದರ ಜೊತೆಗಾರನ ಈ ಬಾಗುವ ಖರ್ಚನ್ನು 2007ರಲ್ಲಿ ಡೇನಿಯಲ್ ಎಸ್ ಮತ್ತು ಕೆ.ಎನ್. ಹೌಕ್ ಎಂಬ ರಸಾಯನ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು.

ಖರ್ಚು ಇಳಿಸಲು ಜೊತೆಗಾರನನ್ನೇ ಮೊದಲೇ ಬಾಗಿಸಿಡಬಹುದಲ್ವಾ? ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೋಜಿ 2004ರಲ್ಲಿ ಮಾಡಿದ್ದು ಅದನ್ನೇ. ಎಂಟು ಕಾರ್ಬನ್ ಉಂಗುರದೊಳಗೆ ಸಿಕ್ಕಿ ಬಾಗಿದ ಆಲ್ಕೈನ್ (ಮೂರು ಬಂಧದ ಕಾರ್ಬನ್ ಜೋಡಿ), ಈ ಕ್ರಿಯೆಯನ್ನು ವೇಗ ಮಾಡಲು ಸಾಮಾನ್ಯವಾಗಿ ಬಳಸುವ ತಾಮ್ರದ ನೆರವಿಲ್ಲದೆ, ಜೀವಂತ ಕೋಶದ ಮೇಲೇ ಅಜೈಡಿನ ಜೊತೆ ಕೂಡಿತು. 2022ರ ನೊಬೆಲ್‌ನಲ್ಲಿ ಅವರ ಪಾಲು ಈ ಕೆಲಸಕ್ಕೆ ಸಿಕ್ಕಿತು.