ಎರಡು ಮದ್ದೂರು, ಎರಡು ಕೆ.ಆರ್. ಪೇಟೆ

ಮಂಡ್ಯ ಜಿಲ್ಲೆಗೆ ಏಳು ತಾಲ್ಲೂಕು. ಕಬ್ಬು ಬೆಳೆಗಾರರ ಒಂದು ಪಟ್ಟಿಯನ್ನು ತಾಲ್ಲೂಕುವಾರು ಎಣಿಸಲು ಕೂತೆ, ಒಂಬತ್ತು ಬಂತು. ಮದ್ದೂರು ಎರಡು ಸಲ, ಕೆ.ಆರ್. ಪೇಟೆ ಎರಡು ಸಲ. ಕಣ್ಣಿಗೆ ಒಂದೇ ಥರ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದದ ಹಿಂದುಮುಂದಿನ ಖಾಲಿ ಜಾಗ ತೆಗೆಯುವ 'ಟ್ರಿಮ್' ಬೇರೆ ಹಾಕಿದ್ದೆ.

ಹೆಸರಿನ ಹಿಂದೆ ಖಾಲಿ ಜಾಗ ಅಂಟಿಕೊಳ್ಳುವುದು ಕಂಪ್ಯೂಟರಿಗೆ ಮಾಹಿತಿಯನ್ನು ತೂತು ಹೊಡೆದು ಕೊಡುತ್ತಿದ್ದ ಪಂಚ್ ಕಾರ್ಡ್ ಕಾಲದ ಕಾಯಿಲೆ. ಕಾರ್ಡಿಗೆ 80 ಕಾಲಂ. ಹೆಸರಿಗೆ 20 ಕೊಟ್ಟರೆ 'ಮದ್ದೂರು' ಬರೆದು ಮಿಕ್ಕಿದ್ದನ್ನು ಖಾಲಿ ಬಿಡಬೇಕು. ಹಲವು ಡೇಟಾಬೇಸುಗಳ 'ಚಾರ್' ಎಂಬ ನಿಗದಿತ ಉದ್ದದ ಕಾಲಂ ಇವತ್ತಿಗೂ ಹೀಗೇ ಬಾಲ ಬೆಳೆಸುತ್ತದೆ. ಆ ಬಾಲ ಕತ್ತರಿಸುವುದೇ ಟ್ರಿಮ್ ಕೆಲಸ. ಇಷ್ಟು ಸಣ್ಣ ಕೆಲಸ ವೆಬ್ ಪುಟಗಳ ಭಾಷೆ ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡಿಗೆ ಸೇರಿದ್ದು 2009ರಲ್ಲಿ. ಅಲ್ಲಿವರೆಗೆ ಹಲವರು ತಮ್ಮದೇ ಟ್ರಿಮ್ ಬರೆದುಕೊಳ್ಳುತ್ತಿದ್ದರು.

ಕತ್ತರಿಸುವುದು ಸುಲಭ. ಯಾವುದು ಖಾಲಿ ಅನ್ನುವುದೇ ಜಗಳ. ಅಕ್ಷರಕ್ಕೊಂದು ನಂಬರ್ ಕೊಡುವ 1963ರ ಪಟ್ಟಿ ಆಸ್ಕಿಯಲ್ಲಿ ಸ್ಪೇಸ್ ನಂಬರ್ 32, ಟ್ಯಾಬ್ 9. ಜಾವಾದ ಟ್ರಿಮ್ ಅದನ್ನೇ ಹಿಡಿದುಕೊಂಡಿತು: ಎರಡೂ ತುದಿಯಲ್ಲಿ 32 ಮತ್ತು ಅದಕ್ಕಿಂತ ಕಡಿಮೆ ನಂಬರಿನದೆಲ್ಲ ಹೋಗಲಿ. ಆದರೆ ವೆಬ್ ಪುಟದಿಂದ ಕಾಪಿ ಮಾಡಿದರೆ ಸಾಲು ಮುರಿಯದ ಸ್ಪೇಸ್ ಬರುವುದುಂಟು, ಅದರ ನಂಬರ್ 160. ನನ್ನ ಮದ್ದೂರಿಗೆ ಅಂಟಿದ್ದು ಅದೇ. ಪೈಥಾನ್, ಜಾವಾಸ್ಕ್ರಿಪ್ಟ್ ಅದನ್ನು ಕತ್ತರಿಸುತ್ತವೆ. 2018ರಲ್ಲಿ ಜಾವಾ 11 ತಂದ 'ಸ್ಟ್ರಿಪ್' ಎಲ್ಲ ಭಾಷೆಗಳ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡಿನ ಖಾಲಿಗಳನ್ನು ಗುರುತಿಸುತ್ತದೆ, ಆದರೆ 160 ಅದರ ಲೆಕ್ಕಕ್ಕಿಲ್ಲ! ಮುರಿಯಬಾರದ ಸ್ಪೇಸನ್ನು ಅದು ಬೇಕೆಂದೇ ಹೊರಗಿಟ್ಟಿದೆ. ನನಗಂತೂ ಈ ತರ್ಕ ಒಪ್ಪಿಗೆಯಾಗಲಿಲ್ಲ.

ಕೆ.ಆರ್. ಪೇಟೆಯದು ನಮ್ಮ ಕನ್ನಡದ್ದೇ ತಕರಾರು. ಒಂದರಲ್ಲಿ 'ರ್' ಆದಮೇಲೆ ಅಗಲವೇ ಇಲ್ಲದ ಒಂದು ಅಕ್ಷರವಿತ್ತು, ಝೀರೋ ವಿಡ್ತ್ ನಾನ್-ಜಾಯ್ನರ್, ಚಿಕ್ಕದಾಗಿ ಝಡ್‌ಡಬ್ಲ್ಯೂಎನ್‌ಜೆ. ಮುಂದಿನ ಅಕ್ಷರ ಅರ್ಧಾಕ್ಷರಕ್ಕೆ ಒತ್ತಾಗದಂತೆ ತಡೆಯುವುದು ಇದೇ. ಇದಿಲ್ಲದಿದ್ದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತದೆ. ಕೆಲವು ಕೀಬೋರ್ಡುಗಳು ಬೇಕಿಲ್ಲದ ಕಡೆಯೂ ಇದನ್ನು ಸುಮ್ನೆ ತುರುಕುತ್ತವೆ. ಯೂನಿಕೋಡ್ ಪ್ರಕಾರ ಇದು ಖಾಲಿ ಜಾಗವೇ ಅಲ್ಲ, ಹಾಗಾಗಿ ತುದಿಯಲ್ಲಿದ್ದರೂ ಟ್ರಿಮ್ ಮುಟ್ಟುವುದಿಲ್ಲ. ಇಲ್ಲಂತೂ ನಡುವೆ ಕೂತಿತ್ತು. ಎಲ್ಲ ಕಡೆ ಅಳಿಸಿಬಿಡೋಣ ಅಂದರೆ ರಾಜ್‌ಕುಮಾರ್ ಕೆಡುತ್ತಾನೆ, ಅಲ್ವಾ?

ಕೊನೆಗೆ 160 ಅನ್ನು ಮೊದಲು 32 ಮಾಡಿ ಟ್ರಿಮ್ ಹಾಕಿದೆ. ಮುಂದೆ ಕನ್ನಡ ಅಕ್ಷರ ಇಲ್ಲದ ಕಡೆ ಮಾತ್ರ ಆ ಅಗಲವಿಲ್ಲದ್ದನ್ನು ತೆಗೆದೆ. ಮತ್ತೆ ಎಣಿಸಿದೆ. ಏಳು.