ಹಿಮದ ನಡುವೆ ಮನೆ ಕಟ್ಟುವಾಗ ನೀರಿನ ಲೆಕ್ಕ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನಗರದಿಂದ ದೂರ, ಕೆರೆಯ ದಡದಲ್ಲೋ ಕಾಡಿನ ಅಂಚಿನಲ್ಲೋ ನಾಲ್ಕಾರು ಎಕರೆ ಕೊಂಡು ಮನೆ ಕಟ್ಟಿಸಲು ಹೊರಡುವವರು ನನ್ನಂಥ ಸ್ಟ್ರಕ್ಚರಲ್ ಎಂಜಿನಿಯರನ್ನು ಮೊದಲು ಕೇಳುವುದು, ಚಳಿಗಾಲ ಬಂದಾಗ ಕೆಲಸ ನಿಲ್ಲಿಸಬೇಕೇ ಎಂದು. ಅವರಲ್ಲಿ ಕನ್ನಡ ಕುಟುಂಬಗಳೂ ಇರುತ್ತವೆ. ಮಳೆಗಾಲದಲ್ಲಿ ಪಾಯ ತೆಗೆಯಬಾರದೆಂಬ ಮಾತನ್ನು ಊರಿನಲ್ಲಿ ಕೇಳಿ ಬೆಳೆದವರು ಹಿಮ ಬೀಳುವ ತಿಂಗಳುಗಳಿಗೂ ಅದನ್ನೇ ಅನ್ವಯಿಸುವುದು ಸಹಜ. ಕೆಲಸ ನಿಲ್ಲಿಸಬೇಕಾಗಿಲ್ಲ ಎಂಬುದು ನನ್ನ ಉತ್ತರ. ಆದರೆ ನೆಲ ಹೆಪ್ಪುಗಟ್ಟುವುದರೊಳಗೆ ಏನೇನು ಮುಗಿದಿರಬೇಕು ಎಂಬುದನ್ನು ಸೆಪ್ಟೆಂಬರಿನಲ್ಲೇ ಗುತ್ತಿಗೆದಾರರೊಡನೆ ಕುಳಿತು ತೀರ್ಮಾನಿಸಿರಬೇಕು. ಬರಿಯ ಚಳಿಯಿಂದ ಕಟ್ಟಡಕ್ಕಾಗುವ ಹಾನಿ ಕಡಿಮೆ. ಮಣ್ಣಿನಲ್ಲಿ, ಕಾಂಕ್ರೀಟಿನಲ್ಲಿ, ಮರದಲ್ಲಿ, ಕೊನೆಗೆ ಗಾಳಿಯಲ್ಲಿ ಸೇರಿಕೊಂಡ ನೀರು ಎಲ್ಲಿ ಗಡ್ಡೆಕಟ್ಟುತ್ತದೆ, ಯಾವಾಗ ಕರಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಏಪ್ರಿಲ್ ತನಕ ಕಾದರಾಯಿತು ಎಂಬುದು ಸುಲಭದ ದಾರಿಯಂತೆ ಕಂಡರೂ ಹಳ್ಳಿಗಾಡಿನಲ್ಲಿ ಅದಕ್ಕೆ ಅದರದೇ ತೊಡಕಿದೆ. ಹಿಮ ಕರಗುವ ದಿನಗಳಲ್ಲಿ ರಸ್ತೆಯ ಮೇಲ್ಪದರದ ಮಣ್ಣು ಸಡಿಲಗೊಂಡಿದ್ದರೂ ಕೆಳಪದರ ಇನ್ನೂ ಗಡ್ಡೆಯಾಗಿಯೇ ಇರುವುದರಿಂದ ನೀರಿಗೆ ಇಂಗಲು ದಾರಿ ಸಿಗದೆ ರಸ್ತೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಮಾರ್ಚಿನಿಂದ ಸುಮಾರು ಎಂಟು ವಾರ ಭಾರದ ವಾಹನಗಳಿಗೆ ನಿರ್ಬಂಧವಿರುತ್ತದೆ. ಬೇರೆ ಮಿತಿಯ ಫಲಕವಿಲ್ಲದ ಕೌಂಟಿ ಮತ್ತು ಟೌನ್‌ಶಿಪ್ ಎಂಬ ಸ್ಥಳೀಯ ಆಡಳಿತಗಳ ರಸ್ತೆಗಳಲ್ಲಿ ಗಾಲಿಗಳ ಒಂದು ಅಚ್ಚಿಗೆ (ಆಕ್ಸಲಿಗೆ) 5 ಟನ್ನಿಗಿಂತ ಹೆಚ್ಚು ಭಾರ ಹೊರುವಂತಿಲ್ಲ. ತುಂಬಿದ ಕಾಂಕ್ರೀಟ್ ಮಿಕ್ಸರ್ ಲಾರಿಯಾಗಲಿ ಬೋರ್‌ವೆಲ್ ರಿಗ್ ಆಗಲಿ ಈ ಮಿತಿಯೊಳಗೆ ಬರುವಂಥವಲ್ಲ. ಜನವರಿಯಲ್ಲಾದರೆ ಇದೇ ರಸ್ತೆ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ಲಾರಿಯ ಗಾಲಿ ಹೂತುಹೋಗುವ ಜೌಗುನೆಲದ ಮೇಲೂ ಮರಮುಟ್ಟು ಸಾಗಿಸಬಹುದು.

ಪಾಯದ ವಿಷಯಕ್ಕೆ ಬಂದರೆ, ಮಿನೆಸೋಟದ ಕಟ್ಟಡ ನಿಯಮ ರಾಜ್ಯವನ್ನು ಎರಡು ವಲಯಗಳಾಗಿ ವಿಂಗಡಿಸಿ, ಫೂಟಿಂಗಿನ (ಗೋಡೆಯ ಭಾರವನ್ನು ಮಣ್ಣಿಗೆ ಹರಡುವ ಅಗಲವಾದ ಕಾಂಕ್ರೀಟ್ ಬುಡದ) ತಳ ದಕ್ಷಿಣದಲ್ಲಿ ಕನಿಷ್ಠ 42 ಇಂಚು, ಉತ್ತರದಲ್ಲಿ 60 ಇಂಚು ಆಳದಲ್ಲಿರಬೇಕೆಂದು ಹೇಳುತ್ತದೆ. ನೀರು ಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕಾಗಿ ಈ ಆಳ ಎಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಆ ವಿವರಣೆ ಅರ್ಧ ಮಾತ್ರ ಸರಿ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನೀರಿನ ಬದಲು, ಹೆಪ್ಪುಗಟ್ಟುವಾಗ ಕುಗ್ಗುವ ಬೆಂಜೀನನ್ನು ಮಣ್ಣಿಗೆ ಊಡಿ ನೋಡಿದರು; ಆಗಲೂ ಮಣ್ಣು ಮೇಲಕ್ಕೆದ್ದಿತು. ನಿಜವಾಗಿ ನಡೆಯುವುದೇನೆಂದರೆ, ಹೆಪ್ಪುಗಟ್ಟುತ್ತಿರುವ ಪದರವು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕೆಳಗಿನ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತ, ಮಣ್ಣಿನ ನಡುವೆ ತೆಳುವಾದ ಹಿಮದ ಬಿಲ್ಲೆಗಳನ್ನು ಬೆಳೆಸುತ್ತ ಹೋಗುತ್ತದೆ. ಈ ಬಿಲ್ಲೆಗಳು ದಪ್ಪವಾದಷ್ಟೂ ಮೇಲಿನದೆಲ್ಲ ಎದ್ದುಕೊಳ್ಳುತ್ತದೆ. ನಯವಾದ ಹೂಳುಮಣ್ಣಿನಲ್ಲಿ ಇದು ಅತಿ ಹೆಚ್ಚು, ಶುದ್ಧ ಮರಳು ಜಲ್ಲಿಯಲ್ಲಿ ಬಹಳ ಕಡಿಮೆ. ನಿವೇಶನದ ಮಣ್ಣು ಯಾವ ಬಗೆಯದೆಂಬ ವರದಿ ಕೈಯಲ್ಲಿಲ್ಲದೆ ಚಳಿಗಾಲದ ಕೆಲಸಕ್ಕೆ ನಾನು ಒಪ್ಪಿಗೆ ಕೊಡದಿರುವುದು ಈ ಕಾರಣಕ್ಕೆ.

ನಿಯಮದ ಆಳಕ್ಕಿಂತಲೂ ಕೆಳಗೆ ಫೂಟಿಂಗ್ ಹಾಕಿದ ಮೇಲೆ ಪಾಯ ಸುರಕ್ಷಿತ ಎಂದುಕೊಳ್ಳುವುದು ಇಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ತಿಳಿವಳಿಕೆ. ಈ ಭಾಗದ ಮನೆಗಳಿಗೆ ಸಾಮಾನ್ಯವಾಗಿ ಎಂಟು ಅಡಿ ಆಳದ ನೆಲಮಾಳಿಗೆ ಇರುತ್ತದೆ. ಫೂಟಿಂಗ್ ಅದರ ತಳದಲ್ಲಿರುತ್ತದೆ. ಹೊರಗಿನಿಂದ ಅಳೆದರೆ ಆಳ ಸಾಕಷ್ಟಿದೆ, ಆದರೆ ಒಳಗಿನಿಂದ ನೋಡಿದರೆ ಅದೇ ಫೂಟಿಂಗಿನ ಪಕ್ಕದ ಮಣ್ಣು ಬಯಲಿಗೆ ತೆರೆದುಕೊಂಡಿದೆ. ಗೋಡೆ ಎಬ್ಬಿಸಿ, ಮೇಲೆ ನೆಲದ ಮರದ ಚೌಕಟ್ಟು ಹಾಕದೆ, ಒಳಗೆ ಶಾಖವನ್ನೂ ಕೊಡದೆ ಕ್ರಿಸ್‌ಮಸ್ ರಜೆಗೆ ಹೋದರೆ, ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಆ ಗುಂಡಿಯೊಳಗಿಂದಲೇ ಫೂಟಿಂಗಿನ ಅಡಿಗೆ ಇಳಿಯುತ್ತದೆ. ಅಂಥ ಒಂದು ಮನೆಯನ್ನು ಫೆಬ್ರುವರಿಯಲ್ಲಿ ಪರಿಶೀಲಿಸಲು ಹೋದಾಗ, ಕಾಂಕ್ರೀಟ್ ಬ್ಲಾಕಿನ ಗೋಡೆಯ ಮೂಲೆಯಿಂದ ಮೆಟ್ಟಿಲುಮೆಟ್ಟಿಲಾಗಿ ಏರಿದ ಬಿರುಕು ಕಂಡಿತು. ಬಿರುಕಿನ ಕೆಳತುದಿಯಲ್ಲಿ ಫೂಟಿಂಗಿಗೂ ಮಣ್ಣಿಗೂ ನಡುವೆ ಸ್ವಚ್ಛವಾದ ಗಾಜಿನಂಥ ಮಂಜುಗಡ್ಡೆಯ ಪಟ್ಟಿ, ಹೆಬ್ಬೆರಳಿನಷ್ಟು ದಪ್ಪ, ಬರಿಗಣ್ಣಿಗೇ ಕಾಣುತ್ತಿತ್ತು. ಗೋಡೆ ಎದ್ದ ಕೂಡಲೇ ನೆಲದ ಚೌಕಟ್ಟನ್ನು ಹಾಕಿ ಮುಚ್ಚಿ, ಒಳಗನ್ನು ಬೆಚ್ಚಗಿಡುವುದು, ಅದು ಆಗದಿದ್ದರೆ ಫೂಟಿಂಗಿನ ಇಕ್ಕೆಲಗಳಿಗೂ ಉಷ್ಣನಿರೋಧಕ ಕಂಬಳಿ ಹೊದಿಸುವುದು ಕಡ್ಡಾಯ.

ಗೋಡೆಯ ಹೊರಬದಿಗೆ ಮಣ್ಣು ತುಂಬುವ ಕೆಲಸವನ್ನೂ ನೆಲ ಗಟ್ಟಿಯಾಗುವ ಮೊದಲೇ ಮುಗಿಸುವುದು ಒಳ್ಳೆಯದು. ಆದರೆ ನೆಲದ ಚೌಕಟ್ಟು ಕೂಡುವ ಮುನ್ನ ತುಂಬಿದರೆ ಮೇಲ್ತುದಿಗೆ ಆಸರೆಯಿಲ್ಲದ ಗೋಡೆ ಒಳಕ್ಕೆ ಬಾಗುತ್ತದೆ. ಹೆಪ್ಪುಗಟ್ಟಿದ ಹೆಂಟೆಗಳನ್ನು ತುಂಬಿದರಂತೂ ನಡುನಡುವೆ ಪೊಳ್ಳು ಉಳಿದು, ವಸಂತದಲ್ಲಿ ಅವು ಕರಗಿದಾಗ ಮಣ್ಣು ಒಂದಡಿಯಷ್ಟು ಕುಸಿದು, ಕರಗಿದ ಹಿಮದ ನೀರೆಲ್ಲ ಗೋಡೆಯ ಬುಡಕ್ಕೇ ಹರಿಯುತ್ತದೆ.

ಸಂಕ್ರಾಂತಿಯ ನಂತರ ಉತ್ತರಾಯಣದಲ್ಲಿ ಒಳ್ಳೆಯ ಮುಹೂರ್ತ ನೋಡಿ ಗುದ್ದಲಿ ಪೂಜೆ ಇಟ್ಟುಕೊಳ್ಳುವವರಿಗೆ ಒಂದು ಮಾತು: ಜನವರಿ ಕೊನೆಯಲ್ಲಿ ಇಲ್ಲಿನ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಪೂಜೆಯ ಜಾಗಕ್ಕೆ ನವೆಂಬರಿನಲ್ಲೇ ದಪ್ಪನಾಗಿ ಒಣಹುಲ್ಲು ಹಾಸಿ ಟಾರ್ಪಾಲು ಮುಚ್ಚಿಟ್ಟರೆ ಶಾಸ್ತ್ರಕ್ಕೆ ಬೇಕಾದಷ್ಟು ಮಣ್ಣು ಮೃದುವಾಗಿ ಉಳಿಯುತ್ತದೆ. ಇಡೀ ಪಾಯದ ಜಾಗವನ್ನೇ ಕರಗಿಸಬೇಕಾದರೆ, ಬಿಸಿ ಗ್ಲೈಕಾಲ್ ದ್ರಾವಣ ಹರಿಯುವ ಕೊಳವೆಗಳನ್ನು ನೆಲದ ಮೇಲೆ ಸುರುಳಿಯಾಗಿ ಹಾಸಿ ಕಂಬಳಿ ಹೊದಿಸುವ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಬಾಡಿಗೆ ದುಬಾರಿ, ಕೆಲಸ ನಿಧಾನ.

ಕಾಂಕ್ರೀಟಿನ ವಿಷಯದಲ್ಲಿ ಊರಿನ ಅನುಭವ ಇಲ್ಲಿ ತಲೆಕೆಳಗಾಗುತ್ತದೆ. ಭಾರತದ ಐಎಸ್ 456 ಸಂಹಿತೆ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನಗಳ ಕ್ಯೂರಿಂಗ್ ಹೇಳುತ್ತದೆ. ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದನ್ನು ನಾವೆಲ್ಲ ಕಂಡವರೇ. ಇಲ್ಲಿ ಹಾಗೆ ನೀರು ನಿಲ್ಲಿಸಿದರೆ ರಾತ್ರಿ ಬೆಳಗಾಗುವುದರೊಳಗೆ ಅದೇ ಹಾನಿಯ ಮೂಲವಾಗುತ್ತದೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಮಾರ್ಗಸೂಚಿಯ ಪ್ರಕಾರ ಗಾಳಿಯ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸಂಭವವಿದ್ದರೆ ಅದು ಚಳಿಯ ಕಾಲದ ಕಾಂಕ್ರೀಟ್ ಎಂದು ಪರಿಗಣಿತವಾಗುತ್ತದೆ. ಹಸಿ ಕಾಂಕ್ರೀಟ್ ಪ್ರತಿ ಚದರ ಇಂಚಿಗೆ 500 ಪೌಂಡಿನಷ್ಟು, ಅಂದರೆ 3.5 ಮೆಗಾಪಾಸ್ಕಲಿನಷ್ಟು ಬಲ ಪಡೆಯುವ ತನಕ ಅದು ಹೆಪ್ಪುಗಟ್ಟದಂತೆ ಕಾಪಾಡಬೇಕು. ಆ ಹೊತ್ತಿಗೆ ನೀರಿನ ಸಾಕಷ್ಟು ಭಾಗ ಸಿಮೆಂಟಿನೊಡನೆ ಬೆರೆತು ಖರ್ಚಾಗಿರುವುದರಿಂದ ಒಮ್ಮೆ ಚಳಿ ತಾಗಿದರೂ ಒಳರಚನೆ ಒಡೆಯುವುದಿಲ್ಲ. ಕಾಂಕ್ರೀಟನ್ನು 10 ಡಿಗ್ರಿಯಲ್ಲಿ ಇಟ್ಟುಕೊಂಡರೆ ಸಾಮಾನ್ಯ ಮಿಶ್ರಣಕ್ಕೆ ಸುಮಾರು ಎರಡು ದಿನ ಸಾಕು. ಸಿಮೆಂಟ್ ಗಟ್ಟಿಯಾಗುವಾಗ ತಾನೇ ಶಾಖ ಹೊರಸೂಸುತ್ತದೆ. ಬಿಸಿನೀರಿನಲ್ಲಿ ಕಲಸಿ ತಂದು ಹಾಕಿದ ಕೂಡಲೇ ಕಂಬಳಿ ಹೊದಿಸಿದರೆ ಆ ಶಾಖವೇ ಬಹುಪಾಲು ಕೆಲಸ ಮಾಡುತ್ತದೆ. ಮೂಲೆ ಮತ್ತು ಅಂಚುಗಳು ಬೇಗ ತಣ್ಣಗಾಗುವುದರಿಂದ ಅಲ್ಲಿ ಎರಡು ಪದರ ಬೇಕು.

ಒಮ್ಮೆ ಹಸಿಯಲ್ಲೇ ಹೆಪ್ಪುಗಟ್ಟಿದ ಕಾಂಕ್ರೀಟಿನ ಮೇಲ್ಮೈಯಲ್ಲಿ ಜರೀಗಿಡದ ಎಲೆಯಾಕಾರದ ಗೆರೆಗಳು ಮೂಡಿರುತ್ತವೆ. ಅವು ಹಿಮದ ಹರಳುಗಳು ಬೆಳೆದ ಗುರುತು. ಬೆರಳಿನ ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಇದಕ್ಕೆ ತೇಪೆ ಹಾಕುವ ಮಾತಿಗೆ ಒಪ್ಪಬಾರದು, ತೆಗೆಸಿ ಹೊಸದಾಗಿ ಹಾಕಿಸಬೇಕು. ಹೆಪ್ಪುಗಟ್ಟಿದ ನೆಲದ ಮೇಲೆ ಕಾಂಕ್ರೀಟ್ ಸುರಿಯುವುದಂತೂ ಯಾವ ಸಂದರ್ಭದಲ್ಲೂ ಕೂಡದು. ಬೇಗ ಗಟ್ಟಿಯಾಗಲೆಂದು ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗವಾದರೂ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ, ಸರಳು ಹಾಕಿದ ಕಡೆ ಕ್ಲೋರೈಡ್ ಇಲ್ಲದ ರಾಸಾಯನಿಕವನ್ನೇ ಬಳಸುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಮರದ ಚೌಕಟ್ಟಿಗೆ ಹಿಮವು ಮಳೆಗಿಂತ ಕಡಿಮೆ ಅಪಾಯಕಾರಿ ಎಂದರೆ ಹಲವರು ನಂಬುವುದಿಲ್ಲ. ಒಣ ಹಿಮವನ್ನು ಪೊರಕೆಯಿಂದ ಗುಡಿಸಿಹಾಕಬಹುದು, ಮಳೆನೀರನ್ನು ಹಾಗೆ ಮಾಡಲಾಗದು. ಗುಡಿಸದೆ ಬಿಟ್ಟ ಹಿಮ ಬಿಸಿಲಿಗೆ ಕರಗಿ ನೆಲದ ಹಲಗೆಗಳ ಸಂದಿಗೆ ಇಳಿದು ಮತ್ತೆ ಗಡ್ಡೆಯಾದಾಗ ಮಾತ್ರ ಹಲಗೆಯ ಅಂಚು ಉಬ್ಬುತ್ತದೆ. ಆದ್ದರಿಂದ ಪ್ರತಿದಿನದ ಕೆಲಸ ಸಲಿಕೆ ಪೊರಕೆಯಿಂದಲೇ ಆರಂಭವಾಗಬೇಕು. ಉಪ್ಪು ಎರಚಿ ಕರಗಿಸುವುದು ಬೇಡ. ಒಣಗಿಸಿದ ಮರ ಎಂದು ಮೊಹರು ಬಿದ್ದ ತೊಲೆಗಳಲ್ಲಿ ತೇವಾಂಶ ಶೇ. 19ರೊಳಗಿರುತ್ತದೆ. ಒಳಗೋಡೆಗೆ ಜಿಪ್ಸಮ್ ಬೋರ್ಡ್ ಹೊಡೆಯುವ ಮುನ್ನ ಸೂಜಿಯ ಮೀಟರನ್ನು ಚುಚ್ಚಿ ಅದು ಇನ್ನೂ ಆ ಮಿತಿಯೊಳಗೇ ಇದೆಯೇ ಎಂದು ಮನೆಯವರೇ ನೋಡಬಹುದು. ಆ ಮೀಟರು ದುಬಾರಿಯದೇನಲ್ಲ.

ಚಾವಣಿ ಮುಚ್ಚಿದ ಮೇಲೆ ಒಳಗೆ ಹೀಟರ್ ಹಚ್ಚುತ್ತಾರೆ. ಹೆಚ್ಚಿನ ತೊಂದರೆ ಶುರುವಾಗುವುದು ಇಲ್ಲಿಂದಲೇ, ಅದೂ ಎಲ್ಲರೂ ನಿಶ್ಚಿಂತರಾದ ಹೊತ್ತಿನಲ್ಲಿ. ಹೊಗೆಕೊಳವೆಯಿಲ್ಲದ ಪ್ರೊಪೇನ್ ಹೀಟರ್ ಒಂದು ಕಿಲೋ ಅನಿಲ ಉರಿಸಿದರೆ 1.6 ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರ್ ಒಂದು ಖಾಲಿಯಾಗುವಷ್ಟರಲ್ಲಿ 20 ಲೀಟರಿಗೂ ಮೀರಿದ ನೀರು ಗಾಳಿಗೆ ಸೇರಿರುತ್ತದೆ ಎಂದರೆ ಪ್ರಮಾಣ ಅರಿವಾದೀತು. ಚಳಿಗಾಲದ ಕಟ್ಟಡದಲ್ಲಿ ಅಷ್ಟು ಅನಿಲ ಒಂದೇ ದಿನದಲ್ಲಿ ಸುಲಭವಾಗಿ ಉರಿದುಹೋಗುತ್ತದೆ. 20 ಡಿಗ್ರಿ ಬೆಚ್ಚಗಿನ ಗಾಳಿ ಒಂದು ಘನಮೀಟರಿನಲ್ಲಿ ಸುಮಾರು 17 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಗಾಳಿ ಒಂದು ಗ್ರಾಂ ಮಾತ್ರ. ಮೇಲಕ್ಕೇರಿದ ಆವಿ ಚಾವಣಿಯ ಹಲಗೆಯ ಒಳಬದಿಯಲ್ಲಿ ಬಿಳಿಯ ಹಿಮವಾಗಿ ಕೂರುತ್ತದೆ, ಮೊಳೆಯ ತುದಿಗಳಿಂದ ಹಿಮದ ಮುಳ್ಳುಗಳು ಹೊರಡುತ್ತವೆ, ಬೆಚ್ಚಗಿನ ದಿನವೊಂದರಲ್ಲಿ ಎಲ್ಲವೂ ಒಟ್ಟಿಗೆ ಸುರಿಯುತ್ತದೆ. ಮನೆಯವರು ಚಾವಣಿ ಸೋರುತ್ತಿದೆ ಎಂದು ಗುತ್ತಿಗೆದಾರರೊಡನೆ ಜಗಳಕ್ಕೆ ನಿಲ್ಲುತ್ತಾರೆ. ಇಂಥ ಹೀಟರಿನ ಇಂಗಾಲದ ಡೈಆಕ್ಸೈಡ್ ಹಸಿ ಕಾಂಕ್ರೀಟಿನ ಮೇಲ್ಪದರದೊಡನೆ ಬೆರೆತು ಅದನ್ನು ಪುಡಿಪುಡಿಯಾಗಿಸುವುದೂ ಉಂಟು. ಇಂಗಾಲದ ಮೊನಾಕ್ಸೈಡ್ ಕೆಲಸಗಾರರ ಜೀವಕ್ಕೇ ಎರವಾಗಬಹುದು. ಉರಿಯುವ ಭಾಗ ಹೊರಗಿದ್ದು ಬಿಸಿಗಾಳಿಯನ್ನಷ್ಟೇ ಒಳಗೆ ಕಳಿಸುವ ಹೀಟರಿಗೆ ಬಾಡಿಗೆ ಹೆಚ್ಚು. ಈ ಒಂದು ಕಡೆ ಉಳಿತಾಯ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬೋರ್ಡಿನ ಸಂದುಗಳಿಗೆ ಪುಟ್ಟಿ ಹಾಕುವಾಗ ಒಳಗೆ ಕನಿಷ್ಠ 10 ಡಿಗ್ರಿ ಹಗಲಿರುಳೂ ಇರಬೇಕು.

ಚಾವಣಿಯ ಅಂಚಿನಲ್ಲಿ ಹಾಸುವ ಅಂಟುಹಾಳೆ, ಹೊರಗೋಡೆಯ ಗೆರೆಯಿಂದ ಒಳಕ್ಕೆ ಕನಿಷ್ಠ 24 ಇಂಚಿನ ತನಕ ಬರಬೇಕೆಂಬುದು ಇಲ್ಲಿನ ನಿಯಮ. ಮನೆಯ ಶಾಖಕ್ಕೆ ಕರಗಿದ ಹಿಮ ಅಂಚಿನಲ್ಲಿ ಮತ್ತೆ ಗಡ್ಡೆಯಾಗಿ, ಹಿಂದೆ ನಿಂತ ನೀರು ಹೆಂಚಿನಡಿಗೆ ನುಗ್ಗದಂತೆ ಇದು ತಡೆಯುತ್ತದೆ. ಆದರೆ ಕೊರೆಯುವ ಚಳಿಯಲ್ಲಿ ಆ ಅಂಟು ಹಿಡಿಯುವುದಿಲ್ಲ, ಇಲ್ಲಿ ಹೆಂಚಿನಂತೆ ಹೊದಿಸುವ ಆಸ್ಫಾಲ್ಟ್ ಶಿಂಗಲ್‌ಗಳ ಅಂಟುಪಟ್ಟಿಯೂ ಬಿಸಿಲೇರುವ ತನಕ ಕೂಡಿಕೊಳ್ಳುವುದಿಲ್ಲ. ಚಾವಣಿಯನ್ನು ಅಕ್ಟೋಬರಿನಲ್ಲೇ ಮುಗಿಸಲು ನಾನು ಹಠ ಹಿಡಿಯುವುದು ಇದಕ್ಕಾಗಿ. 1991ರ ಅಕ್ಟೋಬರ್ 31ರಂದು ಶುರುವಾದ ಹಿಮಪಾತ ನಾಲ್ಕು ದಿನಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ 28 ಇಂಚು, ಡುಲೂತ್‌ನಲ್ಲಿ ಸುಮಾರು 37 ಇಂಚು ಹಿಮ ಸುರಿಸಿತ್ತು. ನವೆಂಬರ್ ಪೂರ್ತಿ ನಮ್ಮ ಕೈಯಲ್ಲಿದೆ ಎಂದು ನಂಬಿ ಕೂರುವಂತಿಲ್ಲ.

ಹಳ್ಳಿಮನೆಗೆ ನಗರದ ನೀರೂ ಒಳಚರಂಡಿಯೂ ಇರುವುದಿಲ್ಲವಾದ್ದರಿಂದ ಬೋರ್‌ವೆಲ್ ಮತ್ತು ಸೆಪ್ಟಿಕ್ ವ್ಯವಸ್ಥೆ ಎರಡೂ ನಮ್ಮವೇ. ಬೋರ್‌ವೆಲ್ ಚಳಿಗಾಲದಲ್ಲೂ ಕೊರೆಯಬಹುದು. ಅದರ ಕೊಳವೆ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿನಿಂದಲೇ ಮನೆಯತ್ತ ತಿರುಗಬೇಕು. ಸೆಪ್ಟಿಕ್ ವ್ಯವಸ್ಥೆಯ ನೀರು ಇಂಗುವ ಜಾಗದ ಮಣ್ಣುಪರೀಕ್ಷೆ ಮತ್ತು ಅಗೆತ ಮಾತ್ರ ನೆಲ ಮೃದುವಾಗಿರುವಾಗಲೇ ಆಗಬೇಕು. ಹೊಸ ವ್ಯವಸ್ಥೆಗೆ ಮೊದಲ ಚಳಿಗಾಲವೇ ಗಂಡಾಂತರ: ಮೇಲೆ ಹುಲ್ಲು ಬೆಳೆದಿರುವುದಿಲ್ಲ, ಮನೆಯಲ್ಲಿ ಜನರಿಲ್ಲದೆ ಬಿಸಿನೀರು ಹರಿಯುವುದಿಲ್ಲ, ಸಾಲದ್ದಕ್ಕೆ ಲಾರಿ, ಸ್ನೋಮೊಬೈಲುಗಳು ಓಡಾಡಿ ಹಿಮವನ್ನು ತುಳಿದು ಗಟ್ಟಿಮಾಡುತ್ತವೆ. ತುಳಿಯದ ಹಿಮ ತನ್ನೊಳಗಿನ ಗಾಳಿಯಿಂದಾಗಿ ನೆಲಕ್ಕೆ ಒಳ್ಳೆಯ ಹೊದಿಕೆ. ತುಳಿದ ಹಿಮಕ್ಕೆ ಆ ಗುಣ ಉಳಿಯುವುದಿಲ್ಲ. ಆದ್ದರಿಂದ ಡಿಸೆಂಬರಿಗೆ ಮುಂಚೆ ಟ್ಯಾಂಕು ಮತ್ತು ಕೊಳವೆಯ ದಾರಿಯ ಮೇಲೆ ಒಂದಡಿ ದಪ್ಪ ಒಣಹುಲ್ಲು ಹರಡಿ, ಸುತ್ತಲೂ ಗೂಟ ನೆಟ್ಟು ಹಗ್ಗ ಕಟ್ಟಿಸಿರಿ. ಚಳಿಗಾಲದ ಕೆಲಸದ ಒಪ್ಪಂದದಲ್ಲಿ ಇದೂ, ಹೀಟರಿನ ಇಂಧನದ ಬಿಲ್ಲು ಯಾರದು ಎಂಬುದೂ, ಹಿಮ ತೆಗೆಯುವ ಹೊಣೆ ಯಾರದು ಎಂಬುದೂ ಬೇರೆ ಬೇರೆ ಸಾಲುಗಳಾಗಿ ಇರಬೇಕು. ಎಲ್ಲವನ್ನೂ ಸೇರಿಸಿ ‘ಚಳಿಗಾಲದ ವೆಚ್ಚ’ ಎಂದು ಒಂದೇ ಮೊತ್ತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ.