ಚಿನ್ನ ಹಿಡಿಯುವ ಕರಟ

ತಿಪಟೂರಿನ ಸುತ್ತಮುತ್ತ ಉಂಡೆ ಕೊಬ್ಬರಿ ಬಿಡಿಸುವ ಮನೆಗಳ ಹಿತ್ತಿಲಲ್ಲಿ ಕರಟದ ರಾಶಿ ಬಿದ್ದಿರುತ್ತದೆ. ಬಚ್ಚಲೊಲೆಗೆ ಬೇಕಾದಷ್ಟು ಹೋಗಿ, ಉಳಿದದ್ದು ಇದ್ದಿಲು ಸುಡುವವರ ಗುಂಡಿ ಸೇರುತ್ತದೆ. ಆ ರಾಶಿ ಕಂಡಾಗಲೆಲ್ಲ ನನಗೆ ಚಿನ್ನ ನೆನಪಾಗುತ್ತದೆ. ಅದಿರು ಸಂಸ್ಕರಣಾ ಘಟಕಗಳಲ್ಲಿ ಮೂರು ದಶಕ ದುಡಿದವನು ನಾನು. ಇಂದು ಜಗತ್ತಿನ ಬಹುಪಾಲು ದೊಡ್ಡ ಘಟಕಗಳಲ್ಲಿ ನೀರಿಗಿಳಿದ ಚಿನ್ನವನ್ನು ಹಿಡಿದು ನಿಲ್ಲಿಸುವುದು ತೆಂಗಿನ ಕರಟದ ಇದ್ದಿಲು ಎಂದರೆ ನಮ್ಮ ಊರಿನವರೇ ನಂಬುವುದಿಲ್ಲ.

ಒಂದು ಟನ್ ಅದಿರಿನಲ್ಲಿ ಎರಡು ಮೂರು ಗ್ರಾಂ ಚಿನ್ನವಿದ್ದರೆ ಅದು ಒಳ್ಳೆಯ ಅದಿರು. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ, ಸುಮಾರು 75 ಮೈಕ್ರಾನ್‌ಗೆ ಅರೆದು, ನೀರು ಬೆರೆಸಿ ಅಂಬಲಿಯ ಹದಕ್ಕೆ ತಂದು, ಅದಕ್ಕೆ ತೆಳುವಾದ ಸಯನೈಡ್ ದ್ರಾವಣ ಸೇರಿಸಿ ಗಾಳಿ ಊದುತ್ತಾರೆ. ಸಯನೈಡ್ ಒಂದೇ ಸಾಲದು, ಆಮ್ಲಜನಕವೂ ಇದ್ದರೆ ಮಾತ್ರ ಚಿನ್ನ ಕರಗುತ್ತದೆ. ಜೊತೆಗೆ ಸುಣ್ಣ ಬೇಕೇ ಬೇಕು. ಕ್ಷಾರತೆಯ ಅಳತೆಯಾದ ಪಿಎಚ್ 10.5ರ ಆಸುಪಾಸಿನಲ್ಲಿರಬೇಕು, ಅದು ಇಳಿದರೆ ಸಯನೈಡ್ ವಿಷಾನಿಲವಾಗಿ ಮೇಲೇಳುತ್ತದೆ. ಸುಣ್ಣದ ತೊಟ್ಟಿ ಖಾಲಿಯಾಗುತ್ತಿದೆ ಎಂದು ಯಾರಾದರೂ ಕೂಗಿದರೆ ಕೈಯಲ್ಲಿದ್ದ ಊಟ ಬಿಟ್ಟು ಓಡಿದ್ದೇನೆ.

ಸಯನೈಡ್ ವಿಧಾನ ಹುಟ್ಟಿದ್ದು 1887ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಹಳೆಯ ಪದ್ಧತಿಯಲ್ಲಿ ಚಿನ್ನ ಕರಗಿದ ನೀರನ್ನು ಕೆಸರಿನಿಂದ ಬೇರ್ಪಡಿಸಿ, ಕನ್ನಡಿಯಂತೆ ತಿಳಿಯಾಗುವವರೆಗೆ ಸೋಸಿ, ಸತುವಿನ ಪುಡಿ ಹಾಕಿ ಚಿನ್ನವನ್ನು ಇಳಿಸುತ್ತಿದ್ದರು. ಜೇಡಿ ಹೆಚ್ಚಿರುವ ಅದಿರು ಬಂದರೆ ಸೋಸುವುದೇ ದೊಡ್ಡ ಗೋಳು. ಇದ್ದಿಲು ಆ ಗೋಳನ್ನು ತಪ್ಪಿಸಿತು. ಕೆಸರಿನೊಳಗೇ ಇದ್ದಿಲ ಹರಳುಗಳನ್ನು ಬಿಟ್ಟು ಕಲಕಿದರೆ ಚಿನ್ನ ಬಂದು ಅದರ ರಂಧ್ರಗಳಲ್ಲಿ ಕೂರುತ್ತದೆ. ಆಮೇಲೆ ಹರಳುಗಳನ್ನು ಜರಡಿಯಲ್ಲಿ ಎತ್ತಿಕೊಂಡರೆ ಆಯಿತು. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ 1973ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ತೊಟ್ಟಿಗಳು ಸಾಲಾಗಿರುತ್ತವೆ. ಕೆಸರು ಮೊದಲ ತೊಟ್ಟಿಯಿಂದ ಕೊನೆಯದಕ್ಕೆ ಹರಿಯುತ್ತದೆ, ಇದ್ದಿಲು ಕೊನೆಯದರಿಂದ ಮೊದಲಿನದಕ್ಕೆ ಏರುತ್ತದೆ.

ಕರಟವೇ ಏಕೆ? ಮರದ ಇದ್ದಿಲಿಗೂ ರಂಧ್ರಗಳಿವೆ, ಆದರೆ ಗಂಟೆಗಟ್ಟಲೆ ಕಲ್ಲಿನ ಪುಡಿಯೊಡನೆ ತಿಕ್ಕಾಡಿದರೆ ಅದು ಪುಡಿಪುಡಿ. ಕರಟದ ಇದ್ದಿಲು ಗಟ್ಟಿ, ಅದರ ರಂಧ್ರಗಳೂ ಅತಿ ಸೂಕ್ಷ್ಮ. ಸುಮಾರು 900 ಡಿಗ್ರಿಯಲ್ಲಿ ಹಬೆ ಹಾಯಿಸಿ ಸಕ್ರಿಯಗೊಳಿಸಿದರೆ, ಒಂದೇ ಒಂದು ಗ್ರಾಂ ಹರಳಿನೊಳಗಿನ ಮೇಲ್ಮೈ ಸುಮಾರು ಸಾವಿರ ಚದರ ಮೀಟರ್, ಅಂದರೆ ಕಾಲು ಎಕರೆಯಷ್ಟು.

ಈ ಹರಳನ್ನು ಕಾಪಾಡುವುದರಲ್ಲೇ ಘಟಕದ ಲಾಭನಷ್ಟ ಅಡಗಿದೆ. ನಾನಿದ್ದ ಒಂದು ಘಟಕದಲ್ಲಿ ಹೊಳ್ಳಿನಲ್ಲಿ, ಅಂದರೆ ಚಿನ್ನ ತೆಗೆದ ಮೇಲೆ ಹೊರಬೀಳುವ ಕೆಸರಿನಲ್ಲಿ, ಹೋಗುವ ಚಿನ್ನ ಇದ್ದಕ್ಕಿದ್ದಂತೆ ಏರಿತು. ವಿಚಿತ್ರವೆಂದರೆ ಹೊರಹೋಗುವ ನೀರಿನಲ್ಲಿ ಚಿನ್ನವಿಲ್ಲ, ಗಟ್ಟಿ ಭಾಗದಲ್ಲಿ ಇದೆ. ಅರೆಯುವಿಕೆ ಒರಟಾಗಿದೆ ಎಂದು ಗಿರಣಿಯವರನ್ನು ದೂರಿದೆವು. ಮೂರು ವಾರ ಕಲ್ಲು ಅರೆಯುವ ಉಕ್ಕಿನ ಗುಂಡುಗಳನ್ನು ಬದಲಿಸಿ ನೋಡಿದೆವು. ಅವರ ತಪ್ಪೇನೂ ಇರಲಿಲ್ಲ. ಕೊನೆಗೆ ಪ್ರಯೋಗಾಲಯದ ಹುಡುಗನೊಬ್ಬ ಒಂದು ಹಿಡಿ ಹೊಳ್ಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಒಂದು ಹನಿ ಸೀಮೆಎಣ್ಣೆ ಬಿಟ್ಟು ಕಲಕಿದ. ಮೇಲೆ ಕಪ್ಪು ಕೆನೆ ಕಟ್ಟಿತು. ಅಷ್ಟೂ ಇದ್ದಿಲ ಧೂಳು, ಧೂಳಿನೊಳಗೆ ನಮ್ಮ ಚಿನ್ನ. ಹೊಸದಾಗಿ ಬಂದ ಇದ್ದಿಲ ಚೀಲಗಳನ್ನು ರಾತ್ರಿ ಪಾಳಿಯಲ್ಲಿ ನೇರವಾಗಿ ತೊಟ್ಟಿಗೆ ಸುರಿದಿದ್ದರು. ಮುರಿದ ಕರಟದ ಅಂಚು ಚೂಪಾಗಿರುತ್ತದೆ. ಮೊದಲು ಬರೀ ನೀರಿನಲ್ಲಿ ಕಲಕಿ ಆ ಅಂಚನ್ನು ಉದುರಿಸಿ, ಜರಡಿ ಹಿಡಿದು ಧೂಳು ತೆಗೆದೇ ತೊಟ್ಟಿಗೆ ಬಿಡಬೇಕು. ಅರ್ಧ ದಿನದ ಆ ಕೆಲಸ ಬಿಟ್ಟದ್ದಕ್ಕೆ ಮೂರು ವಾರದ ಚಿನ್ನ ಹೊಳ್ಳುಕಟ್ಟೆ ಸೇರಿತು. ಗಿರಣಿಯವರ ಬಳಿ ಹೋಗಿ ಕ್ಷಮೆ ಕೇಳಿದೆ.

ಚಿನ್ನ ತುಂಬಿದ ಇದ್ದಿಲನ್ನು ಆಮ್ಲದಲ್ಲಿ ತೊಳೆದು ಸುಣ್ಣದ ಕಲೆ ಬಿಡಿಸುತ್ತಾರೆ, ಬಿಸಿ ಕ್ಷಾರದಲ್ಲಿ ಚಿನ್ನ ಇಳಿಸಿಕೊಳ್ಳುತ್ತಾರೆ, ವಿದ್ಯುತ್ ಹಾಯಿಸಿ ಉಕ್ಕಿನ ನಾರಿನ ಮೇಲೆ ಕೂರಿಸುತ್ತಾರೆ. ಬರಿದಾದ ಇದ್ದಿಲನ್ನು ಸುಮಾರು 700 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಸಿದ್ಧ. ಖರ್ಚು ಉಳಿಸಲೆಂದು ಈ ಕಾಯಿಸುವಿಕೆಯನ್ನು ಮುಂದೂಡುವ ವ್ಯವಸ್ಥಾಪಕರನ್ನು ಕಂಡಿದ್ದೇನೆ. ಅದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

ಕೋಲಾರದಲ್ಲಿ ಕೆಜಿಎಫ್ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಸುಮಾರು 3.3 ಕೋಟಿ ಟನ್ ಹೊಳ್ಳು 13 ಸಯನೈಡ್ ಗುಡ್ಡಗಳಾಗಿ ಇಂದಿಗೂ ನಿಂತಿದೆ. ಬೇಸಿಗೆಯ ಗಾಳಿಗೆ ಆ ಬಿಳಿ ಧೂಳು ಮನೆಗಳ ಒಳಗೆ ಇಳಿಯುತ್ತದೆ. ಅದನ್ನು ಮತ್ತೆ ಸಂಸ್ಕರಿಸುವ ಮಾತು ಬಂದಾಗ ಎಲ್ಲರೂ ಚಿನ್ನದ ಲೆಕ್ಕ ಹಾಕುತ್ತಾರೆ. ಅಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನವಿದೆ. ಇಷ್ಟು ಬಡ ಹೊಳ್ಳಿನಲ್ಲಿ ಚೂರು ಇದ್ದಿಲು ನಷ್ಟವಾದರೂ ಲಾಭ ಕೈಬಿಡುತ್ತದೆ. ಸಯನೈಡನ್ನು ನಿರ್ವಿಷಗೊಳಿಸಿ, ಹೊಳ್ಳನ್ನು ಧೂಳೇಳದಂತೆ ಮುಚ್ಚುವ ಯೋಜನೆ ಮೊದಲು ಕಾಗದದ ಮೇಲಿರಬೇಕು, ಚಿನ್ನದ ಲೆಕ್ಕ ಆಮೇಲೆ. ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯ ಅದಿರು ಬೇರೆಯೇ ಜಾತಿ: ಅಲ್ಲಿ ಚಿನ್ನ ಕಬ್ಬಿಣದ ಕಲ್ಲಿನ ನಡುವೆ ಗಂಧಕದ ಖನಿಜಗಳ ಜೊತೆಗಿದೆ. ಅಂಥ ಖನಿಜಗಳು ಸಯನೈಡನ್ನೂ ಆಮ್ಲಜನಕವನ್ನೂ ತಾವೇ ನುಂಗುತ್ತವೆ, ಹಾಗಾಗಿ ಅಲ್ಲಿನ ಪಾಕವೇ ಬೇರೆ.

ಕಳೆದ ಬೇಸಿಗೆಯಲ್ಲಿ ಇದ್ದಿಲು ಸುಡುವ ಹಿರಿಯರೊಬ್ಬರು ಒಳ್ಳೆಯ ಇದ್ದಿಲನ್ನು ಹೇಗೆ ಗುರುತಿಸುತ್ತೀರಿ ಎಂದು ನನ್ನನ್ನು ಕೇಳಿದರು. ನಾನು ಬೂದಿಯ ಪ್ರಮಾಣ, ತೇವಾಂಶ ಎಂದು ವಿವರಿಸತೊಡಗಿದೆ. ಅವರು ರಾಶಿಯಿಂದ ಎರಡು ತುಂಡು ತೆಗೆದು ಚಪ್ಪಡಿ ಕಲ್ಲಿನ ಮೇಲೆ ಬೀಳಿಸಿದರು. ಒಂದು ಟಣ್ ಎಂದಿತು, ಮುರಿದಲ್ಲಿ ಮಿರಮಿರ ಹೊಳೆಯಿತು. ಇನ್ನೊಂದು ದಬ್ ಎಂದಿತು. ಅದನ್ನು ಎತ್ತಿ, ಬೇಯಲಿಲ್ಲ ಎನ್ನುತ್ತಾ ಮತ್ತೆ ಗುಂಡಿಗೆ ಹಾಕಿದರು.